ಅಪಾಯದ ಎಚ್ಚರಿಕೆ ಕನ್ನಡಿಗನಿಗೆ ಬೇಡವೇ?

ಬೇಸಿಗೆ ಬಂತೆಂದರೆ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಜೋರಾಪುರ ಪೇಟೆಯ ಓಣಿಯಲ್ಲಿ ನಿಂತ ಕಾರು ರೊಟ್ಟಿ ಹಂಚಿನಂತೆ ಕಾಯುತ್ತದೆ. ಅಂಥ ಒಂದು ಮಧ್ಯಾಹ್ನ, ಬಾಡಿಗೆ ಕಾರು ಓಡಿಸುವ ನೆರೆಮನೆಯವರು ಎ.ಸಿ. ರಿಪೇರಿಗೆ ಮನೆ ಮುಂದೆಯೇ ಕುಳಿತರು. ಗ್ಯಾಸ್ ಡಬ್ಬಿ, ಗೇಜು, ಪೈಪು ಎಲ್ಲ ತಂದಿದ್ದರು. ಡಬ್ಬಿಯ ತುಂಬ ಸೂಚನೆ; ಒಂದಕ್ಷರವೂ ಕನ್ನಡವಲ್ಲ! "ಅಣ್ಣಾರ, ಇದರಾಗ ಏನ್ ಬರದಾರ, ಒಂದೀಟು ಓದಿ ಹೇಳ್ರಿ" ಎಂದು ನನ್ನ ಕೈಗಿತ್ತರು.

ಅದು ಆಟದ ಸಾಮಾನಲ್ಲ. ಇಂಜಿನ್ ಓಡುವಾಗ ಹೆಚ್ಚು ಒತ್ತಡದ ಕಡೆಯ ವಾಲ್ವ್ ತೆರೆದರೆ ಡಬ್ಬಿಯೇ ಸಿಡಿಯಬಹುದು. ಆರ್-134ಎ ಎಂಬ ಈ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ; ಅದರ ದ್ರವ ತಗುಲಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಸಂಚಕಾರ. ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದು ಬಾನೆಟ್ ಕೆಳಗಿನ ಚೀಟಿಯಲ್ಲಿರುತ್ತದೆ. ಅದೂ ಇಂಗ್ಲಿಷೇ!

ಡಬ್ಬಿ ಬದಿಗಿಟ್ಟೆವು. ಕಂಡೆನ್ಸರಿನ ಧೂಳು ತೊಳೆದು, ಫಿಲ್ಟರ್ ಬದಲಿಸಿದೆವು. ಮನೆಯಲ್ಲಿ ಮಾಡಬಹುದಾದದ್ದು ಅಷ್ಟೇ. ಗ್ಯಾಸ್ ಪೆಟ್ರೋಲಿನಂತೆ ಉರಿದು ತೀರುವುದಿಲ್ಲ. ಕಡಿಮೆಯಾಗಿದ್ದರೆ ಸೋರಿದೆ ಎಂದರ್ಥ. ಸೋರಿಕೆ ಹುಡುಕಿ, ಒಳಗಿನ ಗಾಳಿ ತೆಗೆದು, ತೂಕ ಮಾಡಿ ತುಂಬಲು ಯಂತ್ರವಿರುವ ಗ್ಯಾರೇಜೇ ಬೇಕು.

ಅಂದು ಓದಿ ಹೇಳಲು ಒಬ್ಬನಿದ್ದ. ಇಲ್ಲದಿದ್ದರೆ?

ಕೇಂದ್ರದ 2011ರ ಪೊಟ್ಟಣ ಸರಕುಗಳ ನಿಯಮದಂತೆ ಹೆಸರು, ತೂಕ, ಬೆಲೆ ಮುಂತಾದ ಕಡ್ಡಾಯ ವಿವರ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿದ್ದರೆ ಸಾಕು. ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲವಂತೆ! ಸೇರಿಸಲೇಬೇಕು ಎಂಬ ಮಾತು ಮಾತ್ರ ಇಲ್ಲ. ನಮ್ಮ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ರಾಜ್ಯದಲ್ಲಿ ತಯಾರಾದ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಲಿ ಎನ್ನುತ್ತದೆ. 2025ರ ಫೆಬ್ರವರಿಯಲ್ಲಿ ಆದೇಶವೂ ಹೊರಟಿತು. ಆದರೆ ಹೊರಗಿನಿಂದ ಬಂದು ಇಲ್ಲಿ ಮಾರಾಟವಾಗುವ ಡಬ್ಬಿಯ ಗತಿ? ದುಡ್ಡು ಕನ್ನಡಿಗನದು, ಕೈ ಕನ್ನಡಿಗನದು, ಎಚ್ಚರಿಕೆ ಮಾತ್ರ ಪರಭಾಷೆಯದು!

"ಕನ್ನಡದಲ್ಲಿ ತಾಂತ್ರಿಕ ಪದಗಳಿಲ್ಲ" ಎಂದು ರಾಗ ಎಳೆಯುವವರಿಗೆ ಒಂದು ಮಾತು. "ಇಂಜಿನ್ ಚಾಲೂ ಇದ್ದಾಗ ಈ ವಾಲ್ವ್ ತೆರೆಯಬೇಡಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಬೆಂಕಿಯ ಹತ್ತಿರ ಇಡಬೇಡಿ." ಇದರಲ್ಲಿ ಯಾವ ಪದ ಕಡಿಮೆ ಬಿತ್ತು? ನಮ್ಮ ಗ್ಯಾರೇಜಿನ ಹುಡುಗರು ದಿನವೂ ಆಡುವ ಕನ್ನಡವೇ ಇದು. ಕಡಿಮೆ ಬಿದ್ದಿರುವುದು ಪದವಲ್ಲ, ಮನಸ್ಸು!

2011ರ ನಿಯಮ ತಿದ್ದುಪಡಿಯಾಗಲಿ. ಅಪಾಯವಿರುವ ಪ್ರತಿ ಸರಕಿನ ಮೇಲೂ, ಅದು ಎಲ್ಲೇ ತಯಾರಾಗಲಿ, ಮಾರುವ ನಾಡಿನ ಭಾಷೆಯಲ್ಲಿ ಎಚ್ಚರಿಕೆ ಕಡ್ಡಾಯವಾಗಲಿ. ಜಿಲ್ಲೆಯ ಸಂಸದರು, ಶಾಸಕರು ಇದನ್ನು ಸದನದಲ್ಲಿ ಎತ್ತಲಿ. ಕನ್ನಡಿಗರೇ, ನಾವೂ ಸುಮ್ಮನಿದ್ದು ಕೆಟ್ಟವರು. ಮುಂದಿನ ಸಲ ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ನೋಡಿ, ಗಟ್ಟಿಯಾಗಿ ಕೇಳಿ: ಕನ್ನಡ ಎಲ್ಲಿ?

ನಾವು ಬೇಡುತ್ತಿರುವುದು ಮರ್ಯಾದೆಯನ್ನಷ್ಟೇ ಅಲ್ಲ. ಕೈಕಾಲು, ಕಣ್ಣು ಉಳಿಸಿಕೊಳ್ಳುವ ಹಕ್ಕನ್ನು!