ಟೆಕ್ಸಾಸ್‌ನಲ್ಲಿ ಅಗ್ಗದ ರಿಫರ್ಬಿಶ್ಡ್ ಲ್ಯಾಪ್‌ಟಾಪ್: ಊರಿಗೆ ಬಂದ ಮೇಲೂ ಅಗ್ಗವೇ?

ರಜೆ ಹತ್ತಿರ ಬಂದರೆ ಅನಿವಾಸಿ ಕುಟುಂಬಗಳ ವಾಟ್ಸಾಪ್ ಗ್ರೂಪಿನಲ್ಲಿ ಈ ಮಾತು ಬಂದೇ ಬರುತ್ತದೆ: "ಡಲ್ಲಾಸ್ ಭಾವ ಊರಿಗೆ ಬರ್ತಿದ್ದಾರಂತೆ, ಒಂದು ಲ್ಯಾಪ್‌ಟಾಪ್ ತರಿಸೋಣ್ವಾ?" ಮಗಳು ಇಂಜಿನಿಯರಿಂಗ್ ಸೇರಿದ್ದಾಳೆ, ಅಪ್ಪ ದಮ್ಮಾಮ್‌ನಲ್ಲಿ ದುಡೀತಾರೆ, ಹೊಸದಕ್ಕೆ ಒಂದು ತಿಂಗಳ ಸಂಬಳ ಬೇಕು. ಅಮೆರಿಕದಲ್ಲಿ ರಿಫರ್ಬಿಶ್ಡ್ ಆದ್ರೆ ಅರ್ಧ ರೇಟಿಗೆ ಸಿಗುತ್ತೆ ಅನ್ನೋದು ಎಲ್ಲರ ನಂಬಿಕೆ. ಇದರಲ್ಲಿ ಎಷ್ಟು ನಿಜ?

ಈಗ ಯಾಕೆ ಇಷ್ಟು ಮಾಲು?

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಸಾಮಾನ್ಯವಾಗಿ ಇಂಟೆಲ್ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಮತ್ತು ಟಿಪಿಎಂ 2.0 ಭದ್ರತಾ ಚಿಪ್ ಬೇಕು. ಆ ಅರ್ಹತೆ ಇಲ್ಲದ ಕಂಪ್ಯೂಟರ್‌ಗಳನ್ನು ಕಂಪನಿಗಳು ಬದಲಿಸಬೇಕಾಯಿತು. ತೆಗೆದುಹಾಕಿದ ಮಾಲು ಎಲ್ಲೋ ಒಂದು ಕಡೆ ಮಾರಾಟ ಆಗಲೇಬೇಕಲ್ಲ.

ಟೆಕ್ಸಾಸ್‌ಗೆ ಈ ವ್ಯಾಪಾರ ಹೊಸದಲ್ಲ. ಮೈಕೆಲ್ ಡೆಲ್ 1984ರಲ್ಲಿ ಆಸ್ಟಿನ್‌ನ ಹಾಸ್ಟೆಲ್ ಕೋಣೆಯಲ್ಲಿ ಕಂಪನಿ ಶುರು ಮಾಡಿದರು. ಅದರ ಮುಖ್ಯ ಕಚೇರಿ ಇಂದಿಗೂ ಪಕ್ಕದ ರೌಂಡ್ ರಾಕ್‌ನಲ್ಲೇ ಇದೆ. ಕಂಪನಿಗಳು ಲೀಸ್ ಮುಗಿಸಿ ವಾಪಸ್ ಕೊಟ್ಟ ಯಂತ್ರಗಳನ್ನು ಮಾರಲು ಡೆಲ್‌ಗೆ ಬೇರೆಯೇ ವಿಭಾಗವಿದೆ. ಡಲ್ಲಾಸ್, ಹ್ಯೂಸ್ಟನ್‌ಗಳ ಮೈಕ್ರೋ ಸೆಂಟರ್‌ನಂಥ ದೊಡ್ಡ ಮಳಿಗೆಗಳಲ್ಲೂ ರಿಫರ್ಬಿಶ್ಡ್ ಮಾಲು ಸಿಗುತ್ತದೆ.

ಆದರೆ ಎಚ್ಚರ. ತೀರಾ ಅಗ್ಗಕ್ಕೆ ಸಿಗುವುದರಲ್ಲಿ ವಿಂಡೋಸ್ 11 ಹಾಕಲಾಗದ ಯಂತ್ರಗಳೇ ಹೆಚ್ಚಿರಬಹುದು. ಪ್ರೊಸೆಸರ್ ಹೆಸರು ನೋಡಿದರೆ ಗೊತ್ತಾಗುತ್ತದೆ. "ಐ5-8250ಯು" ಎಂದಿದ್ದರೆ ಅದು 8ನೇ ತಲೆಮಾರು, ನಡೆಯುತ್ತದೆ. "ಐ5-7300ಯು" ಎಂದಿದ್ದರೆ 7ನೇ ತಲೆಮಾರು, ಬೇಡ.

ಒಂದೇ ಪದ, ಹಲವು ಅರ್ಥ

ಆಪಲ್ ತಾನೇ ಮಾರುವ ರಿಫರ್ಬಿಶ್ಡ್ ಐಫೋನ್‌ಗೆ ಹೊಸ ಬ್ಯಾಟರಿ, ಹೊಸ ಹೊರಕವಚ, ಒಂದು ವರ್ಷದ ವಾರಂಟಿ ಇರುತ್ತದೆ. ಅಮೆಜಾನ್ ರಿನ್ಯೂಡ್‌ನಲ್ಲಿ ಮಾರುವವರು ಸಾಮಾನ್ಯವಾಗಿ ಬೇರೆ ವ್ಯಾಪಾರಿಗಳು. ಅಲ್ಲಿನ ಸಾಮಾನ್ಯ ಗ್ಯಾರಂಟಿ 90 ದಿನ, ಬ್ಯಾಟರಿ ಸಾಮರ್ಥ್ಯ ಶೇ. 80 ಇದ್ದರೂ ಸಾಕು. ಇನ್ನು ಮೂಲೆ ಅಂಗಡಿಯವರು ಒರೆಸಿ, ಸ್ಟಿಕ್ಕರ್ ಅಂಟಿಸಿ "ರಿಫರ್ಬಿಶ್ಡ್" ಎಂದು ಇಟ್ಟದ್ದೂ ಅದೇ ಹೆಸರಿನಲ್ಲಿ ಹೋಗುತ್ತದೆ. ಹಾಗಾಗಿ ಪದ ಕೇಳಿ ನಂಬುವುದಲ್ಲ, ರಿಪೇರಿ ಮಾಡಿದವರು ಯಾರು, ಜವಾಬ್ದಾರಿ ಎಷ್ಟು ದಿನ ಅಂತ ಕೇಳಬೇಕು.

ಲೆಕ್ಕ ಹಾಕಿ ನೋಡಿದರೆ

400 ಡಾಲರಿನ ಲ್ಯಾಪ್‌ಟಾಪ್ ಎಂದಿಟ್ಟುಕೊಳ್ಳಿ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆ ಮಾರಾಟ ತೆರಿಗೆ ಶೇ. 8.25. ಹಳೆಯ ಮಾಲಿಗೂ ಅದು ಬೀಳುತ್ತದೆ. ಒಟ್ಟು 433 ಡಾಲರ್. ಅಂದರೆ ಸುಮಾರು 1,590 ದಿರ್ಹಮ್ ಅಥವಾ 1,624 ಸೌದಿ ರಿಯಾಲ್. ಆಗಸ್ಟ್‌ನಲ್ಲಿ ಬರುವ ಟೆಕ್ಸಾಸ್‌ನ ತೆರಿಗೆರಹಿತ ವಾರಾಂತ್ಯದಲ್ಲಿ ಕೊಂಡರಾಯ್ತು ಅನ್ನುವವರಿದ್ದಾರೆ. ಅದು ಬಟ್ಟೆ, ಶಾಲಾ ಸಾಮಗ್ರಿಗಳಿಗೆ, ಕಂಪ್ಯೂಟರ್‌ಗೆ ಅಲ್ಲ.

ಅದೇ ಯಂತ್ರ ಬರ್ ದುಬೈಯ ಕಂಪ್ಯೂಟರ್ ಅಂಗಡಿಯಲ್ಲಿ 1,750 ದಿರ್ಹಮ್‌ಗೆ ಸಿಕ್ಕಿತು ಅಂದುಕೊಳ್ಳೋಣ. ವ್ಯತ್ಯಾಸ 160 ದಿರ್ಹಮ್. ಕೀಬೋರ್ಡ್ ಕೈಕೊಟ್ಟರೆ ಅಥವಾ ಬ್ಯಾಟರಿ ಬದಲಿಸಬೇಕಾದರೆ ಆ ಉಳಿತಾಯ ಅಲ್ಲಿಗೆ ಮುಗಿಯಿತು. ಯುಎಇಯಲ್ಲಿ ವ್ಯಾಟ್ ಶೇ. 5, ಸೌದಿಯಲ್ಲಿ ಶೇ. 15. ಹಾಗಾಗಿ ಸೌದಿಯಲ್ಲಿರುವವರ ಲೆಕ್ಕ ಸ್ವಲ್ಪ ಬೇರೆ.

ಸಮುದ್ರ ದಾಟದ ವಾರಂಟಿ

ನಿಜವಾದ ತೊಂದರೆ ಇರುವುದು ಇಲ್ಲೇ. ಭಾವ ಮೇ ತಿಂಗಳಲ್ಲಿ ಕೊಂಡು, ಜುಲೈಯಲ್ಲಿ ಮಂಗಳೂರಿಗೆ ತಂದು, ಮಗಳು ತೆರೆದು ನೋಡುವಷ್ಟರಲ್ಲಿ ವಾಪಸ್ ಕೊಡುವ ಅವಧಿ ಮುಗಿದಿರುತ್ತದೆ. 90 ದಿನದ ಗ್ಯಾರಂಟಿಯಲ್ಲೂ ಉಳಿಯುವುದು ಕೆಲವೇ ದಿನ. ಹಾಳಾದರೆ ಮತ್ತೆ ಅಮೆರಿಕಕ್ಕೆ ಕಳಿಸೋದು ಯಾರು?

ಟೆಕ್ಸಾಸ್ ಕಳೆದ 2025ರಲ್ಲಿ "ರಿಪೇರಿ ಹಕ್ಕು" ಕಾನೂನು ಮಾಡಿದೆ. ಎಚ್‌ಬಿ 2963 ಎಂಬ ಈ ಕಾನೂನು ಜಾರಿಯಾಗುವ ದಿನ 2026ರ ಸೆಪ್ಟೆಂಬರ್ 1. ಬಿಡಿಭಾಗ, ಉಪಕರಣ, ರಿಪೇರಿ ಮಾಹಿತಿಯನ್ನು ಮಾಲೀಕರಿಗೂ ಹೊರಗಿನ ರಿಪೇರಿ ಅಂಗಡಿಗಳಿಗೂ ಒದಗಿಸುವ ಹೊಣೆ ತಯಾರಕರ ಮೇಲೆ ಬೀಳುತ್ತದೆ. ಹಳೆಯ ಯಂತ್ರ ಬಳಸುವವರಿಗೆ ಒಳ್ಳೆಯ ಸುದ್ದಿ, ಆದರೆ ಅದು ಟೆಕ್ಸಾಸ್ ಕಾನೂನು. ಉಡುಪಿಯ ರಿಪೇರಿ ಅಂಗಡಿಗೆ, ದೋಹಾದ ಸರ್ವಿಸ್ ಸೆಂಟರ್‌ಗೆ ಅದು ಅನ್ವಯಿಸುವುದಿಲ್ಲ.

ಫೋನ್ ಆದರೆ ಇನ್ನೂ ಜೋಪಾನ

2022ರ ಐಫೋನ್ 14ರಿಂದ ಅಮೆರಿಕದಲ್ಲಿ ಮಾರಿದ ಐಫೋನ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ರಜೆಗೆ ಬಂದಾಗ ಸಿಮ್ ಬದಲಿಸಿ ಅಮ್ಮನ ಹಳೆ ಫೋನಿಗೆ ಹಾಕುವ ಅಭ್ಯಾಸ ಇದ್ದವರಿಗೆ ಇದು ಕಿರಿಕಿರಿ. ಇನ್ನೊಂದು ಸಮಸ್ಯೆ ಲಾಕ್. ಡಲ್ಲಾಸ್ ಮೂಲದ ಎಟಿ ಅಂಡ್ ಟಿ ಸೇರಿದಂತೆ ಅಲ್ಲಿನ ಕಂಪನಿಗಳು ಕಂತಿನಲ್ಲಿ ಕೊಟ್ಟ ಫೋನನ್ನು ಬಾಕಿ ತೀರುವವರೆಗೆ ಲಾಕ್ ಇಡುವುದುಂಟು. ಅಂಥ ಫೋನಿನಲ್ಲಿ ಜಿಯೋನೂ ಓಡಲ್ಲ, ಎಸ್‌ಟಿಸಿನೂ ಓಡಲ್ಲ. ಬಿಲ್ಲಿನಲ್ಲಿ "ಅನ್‌ಲಾಕ್ಡ್" ಎಂದಿರಲೇಬೇಕು.

ಕಂಪನಿಯಿಂದ ಬಂದ ಲ್ಯಾಪ್‌ಟಾಪ್‌ಗೂ ಇದೇ ಮಾತು. ಹಳೆಯ ಕಂಪನಿಯ ನೋಂದಣಿ ತೆಗೆಯದೇ ಮಾರಿದ್ದರೆ, ಹೊಸದಾಗಿ ವಿಂಡೋಸ್ ಹಾಕಿದ ಮೇಲೂ ಆ ಕಂಪನಿಯ ಲಾಗಿನ್ ಕೇಳಬಹುದು.

ವಿದ್ಯುತ್ತಿನ ವಿಷಯವೂ ಇದೆ. ಅಮೆರಿಕದಲ್ಲಿ 120 ವೋಲ್ಟ್, ಊರಲ್ಲಿ 230. ಲ್ಯಾಪ್‌ಟಾಪ್ ಅಡಾಪ್ಟರ್ ಮೇಲೆ "100-240" ಎಂದಿದ್ದರೆ ಭಯವಿಲ್ಲ. 120 ವೋಲ್ಟ್ ಮಾತ್ರ ಎಂದಿರುವ ಪ್ರಿಂಟರ್, ಸ್ಪೀಕರ್ ತಂದು ನೇರ ಚುಚ್ಚಿದರೆ ಸುಟ್ಟುಹೋಗುತ್ತವೆ.

ಹಾಗಾದರೆ ಯಾರು ತರಿಸಬಹುದು?

ಬೆಲೆ ವ್ಯತ್ಯಾಸ ದೊಡ್ಡದಿದ್ದು, ತಯಾರಕ ಕಂಪನಿಯೇ ರಿಪೇರಿ ಮಾಡಿ ಮಾರಿದ್ದು, ವಾರಂಟಿ ಭಾರತದಲ್ಲೂ ನಡೆಯುತ್ತದೆ ಎಂದು ಬರಹದಲ್ಲಿದ್ದರೆ ತರಿಸಬಹುದು. ಹೊರಡುವ ಮೊದಲು ಹತ್ತು ಹದಿನೈದು ದಿನ ಭಾವನವರೇ ಬಳಸಿ ನೋಡಲಿ, ಬ್ಯಾಟರಿ, ಕ್ಯಾಮೆರಾ, ವೈಫೈ ಎಲ್ಲ ಪರೀಕ್ಷಿಸಲಿ. ಬಿಲ್ ಜೊತೆಗಿರಲಿ. ಭಾರತಕ್ಕೆ ಬರುವ 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪ್ ಸುಂಕವಿಲ್ಲದೆ ತರಬಹುದು. ಫೋನ್ ಆ ಲೆಕ್ಕಕ್ಕೆ ಬರುವುದಿಲ್ಲ, ಅದು ಸಾಮಾನ್ಯ ವಿನಾಯಿತಿ ಮಿತಿಯೊಳಗೇ ಇರಬೇಕು.

ವ್ಯತ್ಯಾಸ ನೂರಿನ್ನೂರು ದಿರ್ಹಮ್ ಆದರೆ ಗಲ್ಫ್‌ನಲ್ಲೋ ಊರಲ್ಲೋ ಕೊಳ್ಳುವುದೇ ಜಾಣತನ. ಹಾಳಾದರೆ ಅಂಗಡಿಗೆ ಹೋಗಿ ಕೇಳಬಹುದು. ಇಲ್ಲದಿದ್ದರೆ ಪರೀಕ್ಷೆ ಹೊತ್ತಲ್ಲಿ ಲ್ಯಾಪ್‌ಟಾಪ್ ನಿಂತು ಮಗಳು ಪರದಾಡಬೇಕು, ಒಳ್ಳೆ ಮನಸ್ಸಿಂದ ಹೊತ್ತು ತಂದ ಭಾವನವರು ಮಾತು ಕೇಳಬೇಕು. ಉಳಿಸಿದ ದುಡ್ಡಿಗೆ ಅಷ್ಟು ಬೆಲೆ ಇದೆಯಾ ಅನ್ನೋದನ್ನ ಆರ್ಡರ್ ಮಾಡೋ ಮೊದಲೇ ಮನೆಯವರೆಲ್ಲ ಕೂತು ಯೋಚಿಸೋದು ಒಳ್ಳೇದು.