ವಿಮಾನ ನಿಲ್ದಾಣದ ತಪಾಸಣೆ ಕೆಲಸ: ಗಡಿನಾಡ ಕನ್ನಡಿಗರಿಗೆ ತೆರೆದಿರುವುದು ಅರ್ಧ ಬಾಗಿಲು

ಗಡಿನಾಡಿನ ಹಳ್ಳಿಗಳಿಂದ ದುಡಿಮೆಗೆಂದು ಕೊಲ್ಲಿ ರಾಷ್ಟ್ರಗಳಿಗೆ ಹೊರಡುವವರು ಮಂಗಳೂರು, ಕಣ್ಣೂರು, ಬೆಂಗಳೂರು, ಹೈದರಾಬಾದ್ ಅಥವಾ ಗೋವಾದಲ್ಲಿ ವಿಮಾನ ಹತ್ತುತ್ತಾರೆ. ಟಿಕೆಟ್, ವೀಸಾ ಎಲ್ಲವೂ ಸರಿಯಿದ್ದರೂ ಭದ್ರತಾ ತಪಾಸಣೆಯ ಸಾಲನ್ನು ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಅಲ್ಲಿ ಚೀಲ ನೋಡುವವರು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ, ಅಂದರೆ ಸಿಐಎಸ್‌ಎಫ್‌ನ ಸಿಬ್ಬಂದಿ. ಈ ಪಡೆಯ ಗರಿಷ್ಠ ಬಲವನ್ನು 1.62 ಲಕ್ಷದಿಂದ 2.20 ಲಕ್ಷಕ್ಕೆ ಏರಿಸಲು ಕೇಂದ್ರ ಗೃಹ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿದೆ. ಐದು ವರ್ಷಗಳ ಕಾಲ ವರ್ಷಕ್ಕೆ ಸುಮಾರು 14,000 ಮಂದಿಯ ನೇಮಕ ಇದರ ಗುರಿ. ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದರಲ್ಲಿ ಪಾಲು ಸಿಕ್ಕೀತೇ ಎಂಬುದು ಈಗಿನ ಪ್ರಶ್ನೆ.

ಹಿಂದೆ ವಿಮಾನ ನಿಲ್ದಾಣಗಳ ಕಾವಲು ಆಯಾ ರಾಜ್ಯದ ಪೊಲೀಸರ ಕೈಯಲ್ಲಿತ್ತು. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ಐಸಿ-814 ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದ ಬಳಿಕ ಈ ವ್ಯವಸ್ಥೆ ಬದಲಾಯಿತು. 2000ದ ಫೆಬ್ರವರಿಯಲ್ಲಿ ಜೈಪುರದಿಂದ ಆರಂಭಿಸಿ ಒಂದೊಂದೇ ನಿಲ್ದಾಣ ಸಿಐಎಸ್‌ಎಫ್ ವಶಕ್ಕೆ ಬಂತು. ನಿಯಮ ರೂಪಿಸುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ. ಅದನ್ನು ಜಾರಿ ಮಾಡುವುದು ಈ ಪಡೆ.

ತಪಾಸಣೆ ಎಂದರೆ ಬರೀ ಪರದೆ ನೋಡುತ್ತ ಕೂರುವ ಕೆಲಸ ಎಂದುಕೊಳ್ಳುವವರಿದ್ದಾರೆ. ಎಕ್ಸ್‌ರೇ ಪರದೆಯಲ್ಲಿ ಲೋಹ ನೀಲಿಯಾಗಿ, ಆಹಾರ, ಬಟ್ಟೆ, ಕಾಗದದಂಥ ವಸ್ತು ಕಿತ್ತಳೆ ಬಣ್ಣದಲ್ಲಿ, ಇವೆರಡರ ನಡುವಿನದು ಹಸಿರಾಗಿ ಕಾಣುತ್ತದೆ. ತೊಡಕು ಇರುವುದು ಇಲ್ಲೇ. ಊರಿನಿಂದ ಕಟ್ಟಿಕೊಂಡು ಹೋದ ಬೆಲ್ಲದ ಅಚ್ಚು, ಹಲ್ವಾದ ಗಟ್ಟಿ ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ; ಹಲವು ಸ್ಫೋಟಕಗಳೂ ಹಾಗೆಯೇ ಕಾಣುತ್ತವೆ. ಕ್ಷಣಮಾತ್ರದಲ್ಲಿ ನಿರ್ಧಾರ ಮಾಡಬೇಕು. ಕಣ್ಣು ಬೇಗ ಸೋಲುತ್ತದೆ ಎಂಬ ಕಾರಣಕ್ಕೆ ಯುರೋಪಿನ ನಿಯಮಗಳು ಒಬ್ಬರು ಒಂದೇ ಸಮನೆ 20 ನಿಮಿಷಕ್ಕಿಂತ ಹೆಚ್ಚು ಪರದೆ ನೋಡಬಾರದು ಎನ್ನುತ್ತವೆ. ಸಿಬ್ಬಂದಿ ಎಚ್ಚರವಾಗಿದ್ದಾರೆಯೇ ಎಂದು ಪರೀಕ್ಷಿಸಲು ಯಂತ್ರವೇ ನಡುನಡುವೆ ಆಯುಧದ ಸುಳ್ಳು ಚಿತ್ರ ತೋರಿಸುವ ವ್ಯವಸ್ಥೆಯೂ ಇದೆ.

ಅನುಮಾನ ಬಂದರೆ ಚೀಲ ಬಿಚ್ಚಿಸಿ, "ಇದೇನು?" ಎಂದು ಕೇಳಲೇಬೇಕು. ಆಗ ಯಂತ್ರಕ್ಕಿಂತ ಹೆಚ್ಚಾಗಿ ಉಪಯೋಗಕ್ಕೆ ಬರುವುದು ಭಾಷೆ. ವಿದೇಶ ಪ್ರಯಾಣದ ಕೈಚೀಲದಲ್ಲಿ 100 ಮಿಲಿಲೀಟರ್‌ಗಿಂತ ದೊಡ್ಡ ಎಣ್ಣೆ ಬಾಟಲಿ ಏಕೆ ಕೂಡದು ಎಂದು ಮೊದಲ ಬಾರಿಗೆ ವಿಮಾನ ಹತ್ತುವ ಹಿರಿಯರಿಗೆ ತಿಳಿಸಿ ಹೇಳಬೇಕು. ಕೈಚೀಲದಲ್ಲಿ ತೆಂಗಿನಕಾಯಿಗೆ ಅವಕಾಶವಿಲ್ಲ. ಆದರೆ ಶಬರಿಮಲೆ ಯಾತ್ರಿಕರ ಇರುಮುಡಿಯ ಕಾಯಿಗೆ 2022ರಲ್ಲಿಯೂ 2024ರಲ್ಲಿಯೂ ಯಾತ್ರಾ ಕಾಲಕ್ಕೆ ಸೀಮಿತವಾಗಿ ವಿನಾಯಿತಿ ಸಿಕ್ಕಿತ್ತು. ಇಂಥದ್ದನ್ನು ಪ್ರಯಾಣಿಕರ ಮಾತಿನಲ್ಲೇ ವಿವರಿಸಿದರೆ ಜಗಳವೂ ಇಲ್ಲ, ಅವಮಾನವೂ ಇಲ್ಲ.

ಮಾತು ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ 2020ರ ಆಗಸ್ಟ್‌ನ ಚೆನ್ನೈ ಪ್ರಕರಣವೇ ಸಾಕ್ಷಿ. ತನಗೆ ಹಿಂದಿ ಬಾರದು, ತಮಿಳು ಅಥವಾ ಇಂಗ್ಲಿಷಿನಲ್ಲಿ ಮಾತನಾಡಿ ಎಂದದ್ದಕ್ಕೆ ಸಿಬ್ಬಂದಿಯೊಬ್ಬರು ತಾನು ಭಾರತೀಯಳೇ ಎಂದು ಕೇಳಿದರೆಂದು ಸಂಸದೆ ಕನಿಮೊಳಿ ಬಹಿರಂಗವಾಗಿ ಹೇಳಿದರು. ಯಾವುದೇ ಒಂದು ಭಾಷೆಗೆ ಒತ್ತಾಯಿಸುವುದು ತನ್ನ ನೀತಿಯಲ್ಲ ಎಂದ ಪಡೆ ತನಿಖೆಗೆ ಆದೇಶಿಸಿತು. ಸಂಸದೆಯ ಮಾತಾದ್ದರಿಂದ ಅದು ದೇಶಕ್ಕೆ ಕೇಳಿಸಿತು. ಕೂಲಿಗೆಂದು ಹೊರಟವರ ಮಾತು ಅಷ್ಟು ದೂರ ಕೇಳಿಸುವುದಿಲ್ಲ.

ಪರಿಹಾರದ ಒಂದು ಹೆಜ್ಜೆ 2024ರಲ್ಲಿ ಆಯಿತು. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು ಸಿಬ್ಬಂದಿ ನೇಮಕಾತಿ ಆಯೋಗವು ಅದೇ ಮೊದಲ ಬಾರಿಗೆ ಹಿಂದಿ, ಇಂಗ್ಲಿಷ್ ಜೊತೆಗೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಿತು. 128 ನಗರಗಳಲ್ಲಿ ಸುಮಾರು 48 ಲಕ್ಷ ಅಭ್ಯರ್ಥಿಗಳಿಗಾಗಿ ಏರ್ಪಡಿಸಿದ್ದ ಪರೀಕ್ಷೆಯದು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ವಯಸ್ಸು 18ರಿಂದ 23. ಹಿಂದುಳಿದ ವರ್ಗ, ಪರಿಶಿಷ್ಟರಿಗೆ ಸಡಿಲಿಕೆ ಇದೆ. ಬಳಿಕ ದೈಹಿಕ ಪರೀಕ್ಷೆ: ಹುಡುಗರು 24 ನಿಮಿಷದಲ್ಲಿ 5 ಕಿಲೋಮೀಟರ್, ಹುಡುಗಿಯರು ಎಂಟೂವರೆ ನಿಮಿಷದಲ್ಲಿ 1.6 ಕಿಲೋಮೀಟರ್ ಓಡಬೇಕು.

ಆದರೂ ಇದನ್ನು ಅರ್ಧ ಬಾಗಿಲು ಎನ್ನಲು ಮೂರು ಕಾರಣಗಳಿವೆ.

ಮೊದಲನೆಯದು ಪ್ರಶ್ನೆಪತ್ರಿಕೆ. 160 ಅಂಕಗಳ ಪೈಕಿ 40 ಅಂಕ ಇಂಗ್ಲಿಷ್ ಅಥವಾ ಹಿಂದಿ ಭಾಷಾಜ್ಞಾನಕ್ಕೆ ಮೀಸಲು. ಉಳಿದುದನ್ನು ಕನ್ನಡದಲ್ಲಿ ಬರೆದರೂ ಈ ಕಾಲು ಭಾಗದಲ್ಲಿ ಕನ್ನಡಕ್ಕೆ ಜಾಗವಿಲ್ಲ. ಕಾಸರಗೋಡಿನ ಮಕ್ಕಳು ಶಾಲೆಯಲ್ಲಿ ಹಿಂದಿ ಕಲಿಯುತ್ತಾರೆ. ಹೊಸೂರು, ತಾಳವಾಡಿಯ ಸರಕಾರಿ ಶಾಲೆಗಳಲ್ಲಿ ಹಿಂದಿ ಇಲ್ಲದ ಕಾರಣ ಅಲ್ಲಿಯವರಿಗೆ ಇಂಗ್ಲಿಷೇ ಗತಿ.

ಎರಡನೆಯದು ವಾಸಸ್ಥಳ. ಹುದ್ದೆಗಳ ಹಂಚಿಕೆ ರಾಜ್ಯವಾರು. ಬರೆಯುವ ಭಾಷೆ ಅಭ್ಯರ್ಥಿಯ ಆಯ್ಕೆ. ಆದರೆ ಪೈಪೋಟಿ ಆತ ನೆಲೆಸಿರುವ ರಾಜ್ಯದವರೊಂದಿಗೆ. ಮಂಜೇಶ್ವರದವರು ಕೇರಳದ, ಅಕ್ಕಲಕೋಟೆಯವರು ಮಹಾರಾಷ್ಟ್ರದ, ಮಡಕಶಿರಾದವರು ಆಂಧ್ರದ ಪಟ್ಟಿಗೆ ಸೇರುತ್ತಾರೆ. ಕನ್ನಡದಲ್ಲಿ ಬರೆದ ಮಾತ್ರಕ್ಕೆ ಕರ್ನಾಟಕದ ಪಾಲಿನಲ್ಲಿ ಸೇರುತ್ತೇವೆ ಎಂಬ ತಿಳಿವಳಿಕೆ ತಪ್ಪು. ವಾಸಸ್ಥಳದ ದೃಢಪತ್ರ ತಮ್ಮದೇ ರಾಜ್ಯದ ಕಂದಾಯ ಕಚೇರಿಯದ್ದಾಗಿರಬೇಕು.

ಮೂರನೆಯದು ನಿಯೋಜನೆ. ಈ ಒಂದೇ ಪರೀಕ್ಷೆಯಿಂದ ಬಿಎಸ್‌ಎಫ್, ಸಿಆರ್‌ಪಿಎಫ್ ಮುಂತಾದ ಪಡೆಗಳಿಗೂ ಆಯ್ಕೆ ನಡೆಯುತ್ತದೆ. ಸಿಐಎಸ್‌ಎಫ್ ಸಿಕ್ಕಿದರೂ ಬಂದರು, ಮೆಟ್ರೋ, ಅಣುಸ್ಥಾವರಗಳಿಗೂ ಕಳುಹಿಸಬಹುದು, ದೇಶದ ಯಾವ ಮೂಲೆಗಾದರೂ ಕಳುಹಿಸಬಹುದು. ತಪಾಸಣೆಗೆ ಹಾಕುವ ಮೊದಲು ಪ್ರತ್ಯೇಕ ತರಬೇತಿ, ಪ್ರಮಾಣಪತ್ರ ಬೇಕು. ಮಂಗಳೂರಿನಲ್ಲೇ ಕೆಲಸ ಎಂದು ಯಾರೂ ಭರವಸೆ ಕೊಡಲಾಗದು.

ಹೆಣ್ಣುಮಕ್ಕಳ ವಿಚಾರ ಬೇರೆಯೇ ಇದೆ. ಮಹಿಳಾ ಪ್ರಯಾಣಿಕರ ಮೈತಪಾಸಣೆಯನ್ನು ಮಹಿಳೆಯರೇ ಮಾಡಬೇಕು. ಸಿಐಎಸ್‌ಎಫ್‌ನ ಕಾನ್‌ಸ್ಟೆಬಲ್ ಹುದ್ದೆಗಳಲ್ಲಿ 33 ಶೇಕಡ ಮಹಿಳೆಯರಿಗೆ ಎಂದು ಕೇಂದ್ರ 2016ರಲ್ಲಿ ನಿರ್ಧರಿಸಿತ್ತು. 2024ರ ನವೆಂಬರ್‌ನಲ್ಲಿ ಪಡೆಯ ಮೊದಲ ಸಂಪೂರ್ಣ ಮಹಿಳಾ ಬೆಟಾಲಿಯನ್ ಮಂಜೂರಾದಾಗ ಇಡೀ ಪಡೆಯಲ್ಲಿದ್ದ ಮಹಿಳೆಯರು 7 ಶೇಕಡಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಬೇಡಿಕೆ ಇರುವ ಕಡೆ ಗಡಿನಾಡಿನ ಹುಡುಗಿಯರು ಹಿಂದೆ ಉಳಿಯಬೇಕಾದ ಕಾರಣವಿಲ್ಲ.

ಖಾಕಿ ತೊಡದೆಯೂ ಈ ಕೆಲಸಕ್ಕೆ ಸೇರಲು ಇನ್ನೊಂದು ದಾರಿ ಇದೆ. ವಿಮಾನದ ಹೊಟ್ಟೆಗೆ ಹೋಗುವ ಸಾಮಾನು, ಸರಕುಗಳ ತಪಾಸಣೆಗೆ ವಿಮಾನ ನಿಲ್ದಾಣ ಪ್ರಾಧಿಕಾರದ ಅಂಗಸಂಸ್ಥೆ ಪದವೀಧರರನ್ನು ತೆಗೆದುಕೊಳ್ಳುತ್ತದೆ. 2025ರ ಪ್ರಕಟಣೆಯಲ್ಲಿ ಮೊದಲ ವರ್ಷದ ಸಂಬಳ ತಿಂಗಳಿಗೆ 30,000 ರೂಪಾಯಿ. ಆದರೆ ಅದು ಮೂರು ವರ್ಷದ ಗುತ್ತಿಗೆ, ಪಿಂಚಣಿಯ ಸರಕಾರಿ ನೌಕರಿಯಲ್ಲ. ಅರ್ಜಿ ಹಾಕುವವರು ಈ ವ್ಯತ್ಯಾಸ ತಿಳಿದಿರಬೇಕು.

ವಿಮಾನ ನಿಲ್ದಾಣದಲ್ಲಿ ಕೆಲಸ ಕೊಡಿಸುತ್ತೇವೆಂದು ಹಣ ಕೇಳುವ ದಲ್ಲಾಳಿಗಳ ಬಲೆಗೆ ಬಿದ್ದವರೂ ಕಡಿಮೆಯಿಲ್ಲ. ಅಧಿಕೃತ ಪ್ರಕಟಣೆಯಲ್ಲಿರುವ ಅರ್ಜಿ ಶುಲ್ಕದ ಹೊರತು ಒಂದು ರೂಪಾಯಿ ಕೇಳಿದರೂ ಅದು ಮೋಸ.

ಗಡಿನಾಡಿನ ಯುವಜನರು ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಭಾಷೆ ಆಡುತ್ತ ಬೆಳೆದವರು. ಮಂಗಳೂರಿನಲ್ಲಾಗಲಿ ಕಣ್ಣೂರಿನಲ್ಲಾಗಲಿ ತಪಾಸಣೆಯ ಮೇಜಿನ ಬಳಿ ಬೇಕಾದದ್ದು ಇಂಥವರೇ. ಆದರೆ ನೇಮಕಾತಿಯ ಯಾವ ಹಂತದಲ್ಲೂ ಈ ಗುಣಕ್ಕೆ ಅಂಕವಿಲ್ಲ. ಎರಡು ಪ್ರಾದೇಶಿಕ ಭಾಷೆ ಬಲ್ಲವರನ್ನು ಗಡಿ ಭಾಗದ ನಿಲ್ದಾಣಗಳಿಗೆ ನಿಯೋಜಿಸಿ ಎಂಬ ಬೇಡಿಕೆಯನ್ನು ಸಂಸದರ ಮುಂದಿಡುವುದು ಕನ್ನಡ ಸಂಘಗಳ ಕೆಲಸ. ಅಲ್ಲಿಯವರೆಗೆ, ಆ 40 ಅಂಕಗಳಿಗಾಗಿ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಸಂಜೆಯ ತರಗತಿ ನಡೆಸುವುದು, ಓಟದ ಅಭ್ಯಾಸಕ್ಕೆ ಮೈದಾನ ಬಿಟ್ಟುಕೊಡುವುದು ಊರವರ ಕೈಯಲ್ಲೇ ಇದೆ.