ಮನೆಗೊಂದು ಫೋನ್, ಬೆನ್ನು ಬಿಡದ ಜಾಹೀರಾತು

ಪಿಯು ಫಲಿತಾಂಶದ ದಿನ ಸರ್ಕಾರದ ಜಾಲತಾಣ ಬೇಗ ತೆರೆಯುವುದಿಲ್ಲ. ಆಗ ನಾವು ಮಾಡುವ ಕೆಲಸ ಎಲ್ಲರಿಗೂ ಗೊತ್ತು: ಗೂಗಲ್‌ನಲ್ಲಿ ಸಿಕ್ಕಿದ ಯಾವುದೋ ಖಾಸಗಿ 'ರಿಸಲ್ಟ್' ತಾಣಕ್ಕೆ ನುಗ್ಗುತ್ತೇವೆ. ಅಲ್ಲಿ ಕುಕೀಸ್ ಬಗ್ಗೆ ಏನೋ ಕೇಳುವ ಪಟ್ಟಿಯೊಂದು ಕೆಳಗಿನಿಂದ ಎದ್ದು ಬರುತ್ತದೆ. ಅದನ್ನು ಓದುವ ತಾಳ್ಮೆ ಯಾರಿಗಿದೆ? 'ಆಕ್ಸೆಪ್ಟ್ ಆಲ್' ಒತ್ತಿ ಮುಂದೆ ಹೋಗುತ್ತೇವೆ. ಎಷ್ಟೋ ತಾಣಗಳು ಅಷ್ಟನ್ನೂ ಕೇಳುವುದಿಲ್ಲ.

ಕುಕಿ ಮೂಲತಃ ಕೆಟ್ಟದ್ದೇನಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದನ್ನು ರೂಪಿಸಿದ್ದು ತಾಣಕ್ಕೆ ಸ್ವಲ್ಪ ನೆನಪಿನ ಶಕ್ತಿ ಇರಲಿ ಎಂದು. ಸ್ಕಾಲರ್‌ಶಿಪ್ ಅರ್ಜಿಯ ಎರಡನೇ ಪುಟಕ್ಕೆ ಹೋದಾಗ ಮತ್ತೆ ಪಾಸ್‌ವರ್ಡ್ ಕೇಳದಿರುವುದು ಸಾಮಾನ್ಯವಾಗಿ ಇದರಿಂದಲೇ. ತೊಂದರೆ ಇರುವುದು ಮೂರನೆಯವರ ಕುಕಿಯಲ್ಲಿ. ಪುಟದ ನಡುವೆ ಕಾಣುವ ಜಾಹೀರಾತು ಬರುವುದು ಬೇರೊಂದು ಕಂಪನಿಯ ಸರ್ವರ್‌ನಿಂದ. ಅದು ನಮ್ಮ ಬ್ರೌಸರ್‌ಗೆ ಒಂದು ನಂಬರ್ ಅಂಟಿಸಿ ಹೋಗುತ್ತದೆ. ಸಕಲೇಶಪುರದ ಬಿ.ಎಂ. ರಸ್ತೆಯ ಮೆಡಿಕಲ್ ಶಾಪ್, ಬಟ್ಟೆ ಅಂಗಡಿ, ಪುಸ್ತಕದಂಗಡಿ ಎಲ್ಲದರಲ್ಲೂ ಒಂದೇ ಕಂಪನಿಯ ಜನ ಕೂತು, ನೀವು ಒಳಗೆ ಬಂದಾಗಲೆಲ್ಲ ನಿಮ್ಮ ನಂಬರ್ ಮತ್ತು ಕೈಗೆತ್ತಿಕೊಂಡ ವಸ್ತುವನ್ನು ಬರೆದುಕೊಂಡರೆ ಹೇಗಿರುತ್ತದೆ? ಹೆಸರು ಗೊತ್ತಿಲ್ಲದಿದ್ದರೂ ವಾರದೊಳಗೆ ನಿಮ್ಮ ಬದುಕು ಅವರಿಗೆ ಗೊತ್ತಾಗುತ್ತದೆ.

ಪೇಟೆಯವರು ಈ ವಿಷಯ ಬರೆಯುವಾಗ ಒಬ್ಬರಿಗೊಂದು ಫೋನ್ ಇದೆ ಎಂದುಕೊಂಡೇ ಬರೆಯುತ್ತಾರೆ. ಹೆತ್ತೂರು, ಹಾನುಬಾಳು, ಆಲೂರು ಕಡೆಯಿಂದ ಬಸ್ಸಿನಲ್ಲಿ ಬರುವ ನಮ್ಮಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಇರುವುದು ಒಂದೇ ಫೋನ್. ಬೆಳಿಗ್ಗೆ ಅಪ್ಪ ಅದರಲ್ಲಿ ಕಾಫಿ, ಮೆಣಸಿನ ರೇಟು ನೋಡುತ್ತಾರೆ. ಸಂಜೆ ತಂಗಿಯ ಹೋಂವರ್ಕ್, ರಾತ್ರಿ ಅಣ್ಣನ ಕ್ರಿಕೆಟ್. ಮುಟ್ಟು ಸರಿಯಾಗಿ ಆಗುತ್ತಿಲ್ಲವೆಂದು ಒಬ್ಬ ಹುಡುಗಿ ಮಧ್ಯಾಹ್ನ ಏನನ್ನೋ ಹುಡುಕಿ ಓದುತ್ತಾಳೆ. ನಿದ್ದೆ ಬಾರದ, ಓದಲು ಕೂತರೆ ಅಳು ಬರುವ ಹುಡುಗನೊಬ್ಬ ಡಿಪ್ರೆಶನ್ ಎಂದು ಟೈಪ್ ಮಾಡುತ್ತಾನೆ. ಇಬ್ಬರೂ ಜಾಣರು, ಹಿಸ್ಟರಿ ಅಳಿಸುತ್ತಾರೆ. ಆದರೆ ಹಿಸ್ಟರಿಯನ್ನಷ್ಟೇ ಅಳಿಸಿದರೆ ಕುಕಿ ಉಳಿಯುತ್ತದೆ. ರಾತ್ರಿ ಅಣ್ಣ ಸ್ಕೋರ್ ನೋಡುವಾಗ ಅದೇ ಮಾತ್ರೆಯ, ಅದೇ ಕ್ಲಿನಿಕ್ಕಿನ ಜಾಹೀರಾತು ಎದುರಿಗೆ ಬರಬಹುದು. ಕಂಪನಿಗೆ ಅದು ಬರೀ ವ್ಯಾಪಾರ. ಆ ಹುಡುಗಿಗೆ ಮಾತ್ರ ಮನೆಯಲ್ಲಿ ಉತ್ತರ ಕೊಡಬೇಕಾದ ಪ್ರಶ್ನೆ. ಮುಂದಿನ ಸಲ ಅವಳು ಹುಡುಕುವುದನ್ನೇ ಬಿಡುತ್ತಾಳೆ, ಡಾಕ್ಟರ ಹತ್ತಿರ ಹೋಗುವುದಂತೂ ದೂರವೇ ಉಳಿಯಿತು.

'ನಮ್ಮ ಹತ್ತಿರ ಮುಚ್ಚಿಡುವಂಥದ್ದು ಏನಿದೆ' ಎನ್ನುವವರಿಗೆ ಮುಸ್ಲಿಂ ಪ್ರೊ ಆ್ಯಪ್‌ನ ಕಥೆ ಹೇಳಬೇಕು. ನಮಾಜಿನ ವೇಳೆ, ಕಿಬ್ಲಾ ದಿಕ್ಕು ತೋರಿಸುವ ಈ ಆ್ಯಪ್ ನಮ್ಮ ಎಷ್ಟೋ ಮನೆಗಳಲ್ಲಿ ಇದೆ. ಅದರ ಬಳಕೆದಾರರು ಇರುವ ಜಾಗದ ಮಾಹಿತಿ ಎಕ್ಸ್-ಮೋಡ್ ಎಂಬ ಕಂಪನಿಗೆ ಹೋಗಿ, ಅಲ್ಲಿಂದ ಗುತ್ತಿಗೆದಾರರ ಮೂಲಕ ಅಮೆರಿಕದ ಸೇನೆಯವರೆಗೆ ತಲುಪುತ್ತಿತ್ತು ಎಂದು 2020ರ ನವೆಂಬರ್‌ನಲ್ಲಿ ಮದರ್‌ಬೋರ್ಡ್ ಪತ್ರಿಕೆ ವರದಿ ಮಾಡಿತು. ಆ್ಯಪ್‌ನವರು ಆಮೇಲೆ ಆ ಸಂಬಂಧ ಕಡಿದುಕೊಂಡೆವು ಎಂದರು. ಅಲ್ಲಿ ಕೆಲಸ ಮಾಡಿದ್ದು ಕುಕಿಯಲ್ಲ, ಆ್ಯಪ್‌ನೊಳಗೆ ಸೇರಿಸಿದ್ದ ಬೇರೆಯವರ ಕೋಡ್. ದಾರಿ ಬೇರೆಯಾದರೂ ವ್ಯಾಪಾರ ಒಂದೇ. ಕಿಬ್ಲಾ ನೋಡಿದವರು ಯಾರೂ ಸೇನೆಗೆ ತಮ್ಮ ವಿಳಾಸ ಕೊಡಲು ಒಪ್ಪಿರಲಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು! 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 18 ವರ್ಷದೊಳಗಿನವರನ್ನು ಹಿಂಬಾಲಿಸಿ ಜಾಹೀರಾತು ತೋರಿಸಬಾರದು ಎನ್ನುತ್ತದೆ. ಅಂದರೆ ನಮ್ಮ ಕಾಲೇಜಿನ ಬಹುಪಾಲು ವಿದ್ಯಾರ್ಥಿಗಳನ್ನು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗಗಳ ಜಾರಿಗೆ ಕೊಟ್ಟ ಗಡುವು ಮತ್ತೆ 18 ತಿಂಗಳು. ಅಷ್ಟರಲ್ಲಿ ಈಗ ಸೆಕೆಂಡ್ ಪಿಯು ಓದುವವರಿಗೆ ಹದಿನೆಂಟು ತುಂಬಿರುತ್ತದೆ. ಬ್ರೌಸರ್ ಕಂಪನಿಗಳನ್ನು ನೆಚ್ಚೋಣವೇ? ಸಫಾರಿ 2020ರಲ್ಲೇ ಮೂರನೆಯವರ ಕುಕಿಯನ್ನು ತಡೆಯಿತು. ನಮ್ಮ ಫೋನುಗಳಲ್ಲಿರುವ ಕ್ರೋಮ್‌ನಿಂದ ತೆಗೆಯುತ್ತೇವೆ ಎಂದು ಅದೇ ವರ್ಷ ಹೇಳಿದ ಗೂಗಲ್, ಮುಂದೂಡುತ್ತಾ ಬಂದು 2024ರಲ್ಲಿ ಆ ಮಾತನ್ನೇ ಕೈಬಿಟ್ಟಿತು. ಜಾಹೀರಾತಿನಿಂದ ಹೊಟ್ಟೆ ಹೊರೆಯುವ ಕಂಪನಿಯಿಂದ ಬೇರೇನು ನಿರೀಕ್ಷೆ ಮಾಡಲಾದೀತು?

ಹಾಗಾಗಿ ನಾವೇ ಮಾಡಿಕೊಳ್ಳುವುದು ಒಳ್ಳೆಯದು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ 'ಥರ್ಡ್ ಪಾರ್ಟಿ ಕುಕೀಸ್' ಹುಡುಕಿ ಬ್ಲಾಕ್ ಮಾಡಿ. ಆರೋಗ್ಯದ ವಿಷಯ ಓದುವಾಗ ಇನ್‌ಕಾಗ್ನಿಟೋ ಬಳಸಿ, ಮುಗಿದ ಮೇಲೆ ಅದನ್ನು ಮುಚ್ಚಿ. ಆಂಡ್ರಾಯ್ಡ್ ಫೋನಿನಲ್ಲಿ ಜಾಹೀರಾತು ಐಡಿಯನ್ನೂ ಅಳಿಸಬಹುದು. ಇದರಿಂದ ಎಲ್ಲವೂ ನಿಲ್ಲುವುದಿಲ್ಲ, ಆದರೆ ಸಾಕಷ್ಟು ತಗ್ಗುತ್ತದೆ.

ಕಾಲೇಜಿಗೂ ಒಂದು ಕೋರಿಕೆ ಇದೆ. ಲ್ಯಾಬ್ ಮತ್ತು ಲೈಬ್ರರಿಯ ಎಲ್ಲ ಕಂಪ್ಯೂಟರ್‌ಗಳಲ್ಲಿ ಈ ಸೆಟ್ಟಿಂಗ್ ಈ ತಿಂಗಳೇ ಆಗಲಿ. ಹೆಣ್ಣುಮಕ್ಕಳು ಒಬ್ಬರೇ ಕೂತು ಓದಿಕೊಳ್ಳಲು ಲೈಬ್ರರಿಯ ಮೂಲೆಯಲ್ಲಿ, ಪರದೆ ಗೋಡೆಯ ಕಡೆಗಿರುವಂತೆ, ಒಂದು ಕಂಪ್ಯೂಟರ್ ಇಡಲಿ.